ಡಬ್ಬಿಯ ಮೇಲಿನ ಊರುಗಳು

ಷರ್ಲಾಕ್ ಹೋಮ್ಸನಿಗೆ ಒಂದು ಹೆಮ್ಮೆಯಿತ್ತು. ಪೈಪು, ಚುಟ್ಟ, ಸಿಗರೇಟು ಎಲ್ಲ ಸೇರಿ 140 ಬಗೆಯ ತಂಬಾಕಿನ ಬೂದಿಯನ್ನು ಅವನು ನೋಡಿದೊಡನೆ ಗುರುತಿಸಬಲ್ಲವನಾಗಿದ್ದ. ಅದರ ಮೇಲೊಂದು ಪ್ರಬಂಧವನ್ನೂ ಬರೆದಿದ್ದನಂತೆ! 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಕಾದಂಬರಿಯಲ್ಲಿ ಕೊಲೆ ನಡೆದ ಕೋಣೆಯ ನೆಲದಿಂದ ಒಂದು ಚಿಟಿಕೆ ಬೂದಿ ಎತ್ತಿಕೊಂಡು, ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿ ಚುಟ್ಟ ಎಂದುಬಿಡುತ್ತಾನೆ. 1890ರ ‘ದಿ ಸೈನ್ ಆಫ್ ಫೋರ್’ನಲ್ಲಿ ಅವನ ಬಾಯಲ್ಲಿ ‘ಲಂಕಾ’ ಎಂಬ ಇನ್ನೊಂದು ಹಿಂದೂಸ್ತಾನಿ ಚುಟ್ಟದ ಹೆಸರು ಬರುತ್ತದೆ. ಇಂಗ್ಲಿಷ್ ಓದುಗರಿಗೆ ಅದು ಯಾವುದೋ ದೂರದ ನಿಗೂಢ ಪದ. ತೆಲುಗು ಬಲ್ಲ ನಮ್ಮ ನೆರೆಯವರಿಗೆ ಅದರಲ್ಲಿ ನಿಗೂಢವೇನಿಲ್ಲ. ಗೋದಾವರಿ ನದಿಯ ನಡುಗಡ್ಡೆಗಳಿಗೆ ಅವರು ಲಂಕ ಎನ್ನುತ್ತಾರೆ. ನೆರೆ ಇಳಿದ ಮೇಲೆ ಉಳಿಯುವ ಮೆಕ್ಕಲುಮಣ್ಣಿನಲ್ಲಿ ಬೆಳೆಯುವ ಹೊಗೆಸೊಪ್ಪೇ ಲಂಕ ಹೊಗೆಸೊಪ್ಪು.

ಹೋಮ್ಸನ ಈ ನಂಬಿಕೆಯ ಹಿಂದೆ ಒಂದು ದೊಡ್ಡ ಮಾತಿದೆ. ಸುಟ್ಟು ಬೂದಿಯಾದ ಮೇಲೂ ಎಲೆ ತನ್ನ ಊರಿನ ವಿಳಾಸವನ್ನು ಮರೆಯುವುದಿಲ್ಲ ಎಂಬುದೇ ಆ ಮಾತು. ಪೈಪು ಸೇದುವವರ ಲೋಕ ಇಂದಿಗೂ ಇದನ್ನು ನಂಬಿಕೊಂಡೇ ನಡೆಯುತ್ತಿದೆ. ಪೈಪಿನ ತಂಬಾಕಿನ ಡಬ್ಬಿಗಳನ್ನು ಸಾಲಾಗಿ ಜೋಡಿಸಿದರೆ ಅದೊಂದು ಭೂಪಟವೇ ಸರಿ: ವರ್ಜೀನಿಯಾ, ಕೆಂಟಕಿ, ಲಟಾಕಿಯಾ, ಇಜ್ಮೀರ್, ಸಾಮ್ಸುನ್, ಕ್ಸಾಂತಿ... ಒಂದು ಪ್ರಾಂತ್ಯದ ಸೊಪ್ಪಿಗೂ ಇನ್ನೊಂದರದಕ್ಕೂ ಇರುವ ವ್ಯತ್ಯಾಸ ಮೂಗಿರುವ ಯಾರಿಗಾದರೂ ತಿಳಿಯುವಂಥದ್ದು. ಪ್ರಶ್ನೆ ಇಷ್ಟೇ: ಆ ವ್ಯತ್ಯಾಸ ಬಂದದ್ದು ಎಲ್ಲಿಂದ?

ಹೋಮ್ಸನ ಚುಟ್ಟವೇ ಒಂದು ಸುಳಿವು ಕೊಡುತ್ತದೆ. ತಿರುಚಿನಾಪಳ್ಳಿ ಚುಟ್ಟದ ಸೊಪ್ಪು ಹೆಚ್ಚಾಗಿ ಬೆಳೆಯುತ್ತಿದ್ದುದು ತಿರುಚಿನಾಪಳ್ಳಿಯಲ್ಲಲ್ಲ, ದಿಂಡಿಗಲ್ ಸುತ್ತಮುತ್ತ. ಹೆಸರು ಮಾತ್ರ ಸುತ್ತಿ ಮಾರಿದ ಊರಿನದು! ಡಬ್ಬಿಯ ಮೇಲಿನ ಊರಿಗೂ ಒಳಗಿನ ರುಚಿಗೂ ನಡುವೆ ಯಾರೋ ಕೆಲವರ ಕೈಗಳಿವೆ ಎಂಬ ಅನುಮಾನ ಇಲ್ಲಿಂದಲೇ ಶುರುವಾಗುತ್ತದೆ. ಈ ಬರಹದಲ್ಲಿ ನಾವು ಹುಡುಕಹೊರಟಿರುವುದು ಆ ಕೈಗಳನ್ನು. ಹೊಗೆ ಸೇದಿರೆಂದು ಯಾರಿಗೂ ಹೇಳುವ ಉದ್ದೇಶ ನಮಗಿಲ್ಲ. ತಂಬಾಕು ಕೊಲ್ಲುತ್ತದೆ, ಪೈಪಿನಲ್ಲಿ ಸೇದಿದರೂ ಕೊಲ್ಲುತ್ತದೆ. ಆದರೆ ನಾಲ್ಕು ಶತಮಾನ ಲೋಕವನ್ನೇ ಆಳಿದ ಈ ಎಲೆಯ ಚರಿತ್ರೆಯನ್ನು ಓದದೇ ಬಿಡುವುದೂ ಸರಿಯಲ್ಲ.

ವಿಜಾಪುರದಿಂದ ಆಗ್ರಾಕ್ಕೆ

ತಂಬಾಕು ಅಮೆರಿಕ ಖಂಡದ ಗಿಡ. ಕೊಲಂಬಸ್ಸನಿಗಿಂತ ಮೊದಲು ಉಳಿದ ಲೋಕಕ್ಕೆ ಅದರ ಪರಿಚಯವಿರಲಿಲ್ಲ. ಒಂದೇ ಶತಮಾನದಲ್ಲಿ ಅದು ಎಷ್ಟು ದೂರ ಹರಡಿತೆಂಬುದಕ್ಕೆ ಅತ್ಯುತ್ತಮ ಸಾಕ್ಷಿ ಇರುವುದು ನಮ್ಮ ವಿಜಾಪುರದಲ್ಲಿ. ಅಕ್ಬರನ ದೂತ ಅಸದ್ ಬೇಗ್ 17ನೇ ಶತಮಾನದ ಮೊದಲ ವರ್ಷಗಳಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಬಂದಿದ್ದ. ಸಂಗೀತಪ್ರಿಯ, ‘ಕಿತಾಬ್-ಎ-ನವರಸ್’ ಬರೆದ ದೊರೆ ಆತ. ಅಲ್ಲಿ ಅಸದ್ ಬೇಗ್ ತಾನು ಉತ್ತರದಲ್ಲಿ ಎಂದೂ ನೋಡಿರದ ಒಂದು ವಸ್ತುವನ್ನು ಕಂಡ. ಅದೇ ತಂಬಾಕು. ಪೋರ್ಚುಗೀಸರ ಗೋವೆ ಪಕ್ಕದಲ್ಲೇ ಇದ್ದುದರಿಂದ ದಖ್ಖನ್ನಿಗೆ ಅದು ಆಗಲೇ ಬಂದಿತ್ತು. ದೂತ ಸುಮ್ಮನೆ ಹಿಂದಿರುಗಲಿಲ್ಲ. ಒಂದಿಷ್ಟು ತಂಬಾಕನ್ನೂ, ಅದನ್ನು ಸೇದಲು ರತ್ನ ಕೆತ್ತಿಸಿದ ಒಂದು ಅಂದವಾದ ಕೊಳವೆಯನ್ನೂ ಸಿದ್ಧಪಡಿಸಿಕೊಂಡು ಅಕ್ಬರನ ಮುಂದಿಟ್ಟ. ಕೊಳವೆಯ ಕಡ್ಡಿ ಸುಮಾತ್ರಾದ ಆಚೆಯದು, ಬಾಯಿಗೆ ಇಡುವ ತುದಿ ಯೆಮೆನ್ನಿನ ಕೆಂಪು ಕಲ್ಲಿನದು.

ಅಕ್ಬರ್ ಕುತೂಹಲದಿಂದ ಒಂದೆರಡು ದಮ್ಮು ಎಳೆದ. ವೈದ್ಯರು ಗಾಬರಿಯಾದರು. ನಮ್ಮ ಗ್ರಂಥಗಳಲ್ಲಿ ಇಲ್ಲದ ಈ ಹೊಸ ವಸ್ತುವನ್ನು ಸೇವಿಸಬಾರದು ಎಂದು ತಡೆದರು. ಅಸದ್ ಬೇಗ್ ವಾದಕ್ಕಿಳಿದ: ಲೋಕದ ಯಾವ ಪದ್ಧತಿ ತಾನೇ ಒಂದು ಕಾಲಕ್ಕೆ ಹೊಸದಾಗಿರಲಿಲ್ಲ? ಬಾದಶಹ ಮುಂದೆ ಅದನ್ನು ಸೇದಲಿಲ್ಲ, ಅಮೀರರು ಬಿಡಲಿಲ್ಲ. ವರ್ತಕರು ಮಾರತೊಡಗಿದರು. ಮಗ ಜಹಾಂಗೀರ್ 1617ರಲ್ಲಿ ನಿಷೇಧ ಹೊರಡಿಸಿದ್ದೂ ವ್ಯರ್ಥವಾಯಿತು. ಗುಡುಗುಡಿ ಊರೂರು ಸೇರಿತು.

ಹೆಚ್ಚುಕಡಿಮೆ ಇದೇ ಹೊತ್ತಿಗೆ, 1604ರಲ್ಲಿ, ಇಂಗ್ಲೆಂಡಿನ ದೊರೆ ಮೊದಲನೇ ಜೇಮ್ಸ್ ತಾನೇ ಲೇಖನಿ ಹಿಡಿದು ತಂಬಾಕಿನ ವಿರುದ್ಧ ಒಂದು ಕಿರುಹೊತ್ತಗೆ ಬರೆದ. ತೆರಿಗೆಯನ್ನು ಒಂದು ಪೌಂಡ್ ತೂಕಕ್ಕೆ ಎರಡು ಪೆನ್ಸಿನಿಂದ 6 ಶಿಲ್ಲಿಂಗ್ 10 ಪೆನ್ಸಿಗೆ ಏರಿಸಿದ. ದೊರೆಯ ಸಾಹಿತ್ಯವನ್ನು ಯಾರೂ ಲೆಕ್ಕಿಸಲಿಲ್ಲ, ಬೊಕ್ಕಸಕ್ಕೆ ಮಾತ್ರ ರುಚಿ ಹತ್ತಿತು!

ಆ ಕಾಲದ ತಂಬಾಕಿಗೆ ‘ಇಂಥ ಊರಿನ ರುಚಿ’ ಎಂಬುದು ಅಷ್ಟಾಗಿ ಬೆಳೆದಿರಲಿಲ್ಲ. ದುಬಾರಿಯಾಗಿತ್ತು, ಅಷ್ಟೆ. ಇಂಗ್ಲೆಂಡಿನ ಹಳೆಯ ಮಣ್ಣಿನ ಪೈಪುಗಳನ್ನು ಅಗೆದು ತೆಗೆಯುವ ಪುರಾತತ್ವ ತಜ್ಞರು ಅವುಗಳ ಬಟ್ಟಲಿನ ಗಾತ್ರ ನೋಡಿಯೇ ಕಾಲ ಹೇಳುತ್ತಾರೆ. ತೀರ ಹಳೆಯವು ಹೆಬ್ಬೆರಳ ತುದಿಯಷ್ಟು ಸಣ್ಣವು; ಬೆಲೆ ಇಳಿದಂತೆಲ್ಲ ಬಟ್ಟಲು ಹಿಗ್ಗುತ್ತ ಹೋಯಿತು. ಬೆಲೆ ಇಳಿಸಿದ್ದು ವರ್ಜೀನಿಯಾ. ಅಲ್ಲಿನ ಸ್ಥಳೀಯ ಸೊಪ್ಪು ಬಲು ಖಾರ, ಗಂಟಲು ಕೆರೆಯುವಂಥದ್ದು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬ ವಲಸೆಗಾರ ಸ್ಪೇನಿನವರ ವಶದಲ್ಲಿದ್ದ ದಕ್ಷಿಣದ ಸೀಮೆಯ ಮೃದುವಾದ ತಳಿಯ ಬೀಜ ತಂದು ಜೇಮ್ಸ್‌ಟೌನಿನಲ್ಲಿ ಬಿತ್ತಿದ. ಹಾಗಾಗಿ ಜಗತ್ತು ‘ವರ್ಜೀನಿಯಾ’ ಎಂದು ಕರೆದ ಎಲೆ ಮೊದಲ ದಿನದಿಂದಲೂ ವರ್ಜೀನಿಯಾದ್ದಲ್ಲ. ಬೀಜ ಒಂದು ಕಡೆಯದು, ಮಣ್ಣು ಇನ್ನೊಂದು ಕಡೆಯದು. 1619ರಲ್ಲಿ ಆಫ್ರಿಕದಿಂದ ಹಿಡಿದು ತಂದ ಮೊದಲ ಜನರನ್ನು ಅದೇ ತೀರಕ್ಕೆ ಇಳಿಸಿದ ಮೇಲೆ ದುಡಿಮೆಯ ಕೈಗಳೂ ಮೂರನೆಯ ಕಡೆಯವು.

ಬೆಂಕಿ, ಗಾಳಿ, ಬಿಸಿಲು

ತಂಬಾಕಿನ ರುಚಿಯ ಗುಟ್ಟು ಅರ್ಧಕ್ಕರ್ಧ ಇರುವುದು ಎಲೆ ಕೊಯ್ದ ಮೇಲೆ. ಹಸಿ ಎಲೆಗೆ ಆ ಘಮವಿಲ್ಲ. ಕೊಯ್ದ ಎಲೆ ಒಮ್ಮೆಗೇ ಸಾಯುವುದಿಲ್ಲ. ಕೆಲವು ದಿನ ಉಸಿರಾಡುತ್ತಲೇ ಇರುತ್ತದೆ. ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾಡಿಕೊಂಡು, ಆ ಸಕ್ಕರೆಯನ್ನೂ ತಾನೇ ತಿಂದು ಮುಗಿಸುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಹದ ಮಾಡುವವನ ಕೈಯಲ್ಲಿದೆ. ನಾಲ್ಕೈದು ದಿನದಲ್ಲಿ ಬಿಸಿ ಏರಿಸಿ ಬೇಗ ಒಣಗಿಸಿಬಿಟ್ಟರೆ ಸಕ್ಕರೆ ಒಳಗೇ ಸಿಕ್ಕಿಬೀಳುತ್ತದೆ. ಎಲೆ ಹಳದಿಯಾಗಿ, ಒಣಹುಲ್ಲಿನ ಮೆದೆಯ ಕಂಪಿನ ಸಿಹಿ ತಂಬಾಕಾಗುತ್ತದೆ. ಕೊಟ್ಟಿಗೆಯಲ್ಲಿ ತೂಗುಹಾಕಿ ಒಂದೆರಡು ತಿಂಗಳು ಬರಿಯ ಗಾಳಿಗೆ ಬಿಟ್ಟರೆ ಸಕ್ಕರೆಯೆಲ್ಲ ಖರ್ಚಾಗಿ ಕಂದುಬಣ್ಣದ, ಸಿಹಿಯಿಲ್ಲದ, ಹುರಿದ ಕಡಲೆಕಾಯಿಯನ್ನೋ ಕೋಕೋವನ್ನೋ ನೆನಪಿಸುವ ಸೊಪ್ಪು ದಕ್ಕುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಒಂದು ಬಗೆ, ಹೊಗೆಯಲ್ಲಿಟ್ಟರೆ ಮತ್ತೊಂದು. ಒಂದೇ ಮಾವಿನಕಾಯಿಯಿಂದ ಒಬ್ಬರು ಉಪ್ಪಿನಕಾಯಿ, ಇನ್ನೊಬ್ಬರು ಹಪ್ಪಳ, ಮಗದೊಬ್ಬರು ಅಮ್ಚೂರು ಮಾಡಿದ ಹಾಗೆ.

ಹಳದಿ ವರ್ಜೀನಿಯಾದ ಹುಟ್ಟಿನ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ಕಥೆಯಿದೆ. 1839ರಲ್ಲಿ ಉತ್ತರ ಕೆರೋಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಅಬೈಶಾ ಸ್ಲೇಡ್ ಎಂಬ ಜಮೀನ್ದಾರನ ತಂಬಾಕು ಮನೆಯನ್ನು ರಾತ್ರಿ ಕಾಯುತ್ತಿದ್ದವನು ಸ್ಟೀಫನ್, ಆ ಜಮೀನ್ದಾರನ ಗುಲಾಮ. ತೂಕಡಿಕೆಯಿಂದ ಎಚ್ಚೆತ್ತು ನೋಡಿದರೆ ಬೆಂಕಿ ಆರುತ್ತ ಬಂದಿದೆ. ಗಾಬರಿಯಲ್ಲಿ ಕುಲುಮೆಯ ಬಳಿ ಇದ್ದ ಇದ್ದಿಲನ್ನು ತಂದು ಸುರಿದ. ಥಟ್ಟನೆ ಏರಿದ ಕಾವಿಗೆ ಎಲೆಗಳು ಹೊಳೆಯುವ ಹಳದಿಗೆ ತಿರುಗಿದವು. ಮಾರುಕಟ್ಟೆಯಲ್ಲಿ ಆ ಸೊಪ್ಪಿಗೆ ಅದುವರೆಗೆ ಕಾಣದ ಬೆಲೆ ಬಂತು. ಕಥೆ ಇಷ್ಟು ಸರಳವಾಗಿರಲಾರದು, ಹಲವರ ಹಲವು ವರ್ಷಗಳ ಪ್ರಯತ್ನ ಇದರ ಹಿಂದಿದೆ ಎಂಬುದು ಚರಿತ್ರಕಾರರ ಅಭಿಪ್ರಾಯ. ಇರಲಿ. ಆದರೆ ಆ ಕಥೆಯಲ್ಲೇ ಅಡಗಿದ ಸತ್ಯ ಮುಖ್ಯ: ಹದದ ಜ್ಞಾನ ಇದ್ದದ್ದು ರಾತ್ರಿಯೆಲ್ಲ ಬೆಂಕಿಯ ಮುಂದೆ ಕೂರುತ್ತಿದ್ದವರ ಬಳಿ, ಲಾಭ ಹೋದದ್ದು ಹಗಲಲ್ಲಿ ಮಾರುತ್ತಿದ್ದವರ ಬಳಿ. ಬೇರಾವುದಕ್ಕೂ ಬಾರದ ಆ ಸೀಮೆಯ ಮರಳುಮಣ್ಣು ಈ ಹಳದಿ ಎಲೆಗೆ ಹೇಳಿ ಮಾಡಿಸಿದಂತಿತ್ತು. ಬಡ ಮಣ್ಣಿನಲ್ಲಿ ಸಾರಜನಕ ಕಡಿಮೆ, ಹಾಗಾಗಿ ಎಲೆ ತೆಳು, ಬೇಗ ಹಳದಿಗೆ ತಿರುಗುತ್ತದೆ. ಬರಡು ಎಂದು ಬಿಟ್ಟಿದ್ದ ಭೂಮಿಗೆ ಬೆಲೆ ಬಂತು.

ಬರ್ಲಿಯ ಕಥೆ ಬೇರೆ. 1864ರಲ್ಲಿ ಒಹಾಯೋದ ಬ್ರೌನ್ ಕೌಂಟಿಯ ಒಂದು ಸಸಿಮಡಿಯಲ್ಲಿ ಬಿಳಿಚಿಕೊಂಡ, ರೋಗ ಹಿಡಿದಂತೆ ಕಾಣುವ ಕೆಲವು ಸಸಿಗಳು ಎದ್ದವು. ಬೀಜ ನದಿಯಾಚೆಯ ಕೆಂಟಕಿಯದು. ಅವನ್ನು ಎಸೆಯದೆ ಬೆಳೆಸಿ ನೋಡಿದಾಗ ಸಿಕ್ಕಿದ್ದು ಬಿಳಿ ಬರ್ಲಿ. ಇದರ ಎಲೆಯಲ್ಲಿ ಸ್ವಂತ ಸಿಹಿ ಇಲ್ಲ, ಆದರೆ ಹೊರಗಿನ ಸಿಹಿಯನ್ನು ಸ್ಪಂಜಿನಂತೆ ಹೀರಿಕೊಳ್ಳುವ ಗುಣವಿದೆ. ಬೆಲ್ಲದ ಪಾಕ, ವೆನಿಲಾ, ಚಾಕೊಲೇಟು, ವಿಸ್ಕಿ ಯಾವುದನ್ನು ಕೊಟ್ಟರೂ ಕುಡಿದು ಕೂರುತ್ತದೆ. ಅಮೆರಿಕದ ಪೈಪು ಎಂದೊಡನೆ ಮೂಗಿಗೆ ಬರುವ ಆ ಮಿಠಾಯಿ ಅಂಗಡಿಯ ವಾಸನೆಗೆ ಈ ಗುಣವೇ ಆಧಾರ. 1907ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ಮಾರುಕಟ್ಟೆಗೆ ತಂದ ಪ್ರಿನ್ಸ್ ಆಲ್ಬರ್ಟ್ ಕೆಂಪು ಡಬ್ಬಿಯೊಳಗಿದ್ದದ್ದು ಮುಖ್ಯವಾಗಿ ಇದೇ ಬರ್ಲಿ.

ಕೆಂಟಕಿ, ಟೆನೆಸ್ಸಿ ಗಡಿಯಲ್ಲಿ ಮೂರನೆಯದೊಂದಿದೆ. ಗಟ್ಟಿಮರದ ಸೌದೆ, ಹೊಟ್ಟು ಹಾಕಿ ಹೊಗೆಯಲ್ಲೇ ಹದ ಮಾಡಿದ ಕಪ್ಪು ಸೊಪ್ಪು. ಇದರ ರುಚಿ ಕಟು, ಮೈಯೂ ದಪ್ಪ. ಈ ಸೀಮೆಗೆ ‘ಕಪ್ಪು ಪಟ್ಟಿ’ ಎಂಬ ಹೆಸರಿತ್ತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಯ ಏಕಸ್ವಾಮ್ಯ ಬೆಲೆಯನ್ನು ನೆಲಕ್ಕೆ ಕೆಡವಿದಾಗ, 1904ರಲ್ಲಿ ಕೆಂಟಕಿಯ ಗತ್ರಿ ಎಂಬ ಪುಟ್ಟ ಊರಿನಲ್ಲಿ ರೈತರು ಸಂಘ ಕಟ್ಟಿದರು. ಸಂಘದ ಹೊರಗೆ ಮಾರಿದವರ ಮೇಲೆ ರಾತ್ರಿ ಮುಸುಕುಧಾರಿ ಸವಾರರು ಬಿದ್ದರು. ಸಸಿಮಡಿ ಕಿತ್ತರು, ಚಾಟಿ ಬೀಸಿದರು, ಗೋದಾಮು ಸುಟ್ಟರು. 1907ರ ಡಿಸೆಂಬರಿನಲ್ಲಿ ಹಾಪ್ಕಿನ್ಸ್‌ವಿಲ್ ಪಟ್ಟಣವನ್ನೇ ಒಂದು ರಾತ್ರಿ ಹಿಡಿದಿಟ್ಟುಕೊಂಡರು. ಅದೇ ಗತ್ರಿಯಲ್ಲಿ 1905ರಲ್ಲಿ ಹುಟ್ಟಿದ ರಾಬರ್ಟ್ ಪೆನ್ ವಾರನ್‌ನ ಮೊದಲ ಪ್ರಕಟಿತ ಕಾದಂಬರಿ, 1939ರ ‘ನೈಟ್ ರೈಡರ್’, ಈ ದಂಗೆಯನ್ನೇ ಕುರಿತದ್ದು. ನ್ಯಾಯಕ್ಕಾಗಿ ಹೊರಟವರು ಹಿಂಸೆಗೆ ಹೇಗೆ ಒಗ್ಗಿಹೋಗುತ್ತಾರೆಂಬುದು ಅದರ ವಸ್ತು. ನಮ್ಮ ಬಳಗದವರು ಓದಬೇಕಾದ ಪುಸ್ತಕ.

ದಕ್ಷಿಣಕ್ಕೆ ಇಳಿದರೆ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್. ಲೋಕಪ್ರಸಿದ್ಧ ಪೆರೀಕ್ ಅಲ್ಲಿನ ಒಂದು ಸಣ್ಣ ದಿಬ್ಬದ ಬೆಳೆ. ಎಲೆಯನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ, ತಿರುಪಿನ ಜಾಕಿನಿಂದ ಒತ್ತಿ, ಅದರ ರಸದಲ್ಲೇ ಹುಳಿಯಲು ಬಿಡುತ್ತಾರೆ. ನಡುನಡುವೆ ತೆಗೆದು ಗಾಳಿಯಾಡಿಸಿ ಮತ್ತೆ ಒತ್ತುತ್ತಾರೆ. ಹೀಗೆ ಒಂದು ವರ್ಷ. ಕೊನೆಗೆ ಸಿಗುವುದು ಒಣದ್ರಾಕ್ಷಿಯ ಹುಳಿ, ಕರಿಮೆಣಸಿನ ಖಾರ ಸೇರಿದ ಕಪ್ಪು ಸೊಪ್ಪು. ಒಂದು ಮಿಶ್ರಣಕ್ಕೆ ಚಿಟಿಕೆಯಷ್ಟು ಸಾಕು, ನಮ್ಮ ಅಡುಗೆಗೆ ಇಂಗಿನ ಹಾಗೆ. 1824ರಲ್ಲಿ ಇದನ್ನು ರೂಢಿಗೆ ತಂದವನು ಪಿಯೆರ್ ಶೆನೆ ಎಂಬ ಫ್ರೆಂಚ್ ಮೂಲದ ರೈತ ಎನ್ನುತ್ತಾರೆ. ಅವನಿಗೆ ಕಲಿಸಿದವರು ಅಲ್ಲಿನ ಮೂಲನಿವಾಸಿಗಳಾದ ಚಾಕ್ಟಾ ಜನ ಎಂದೂ ಅದೇ ಹೇಳಿಕೆ ಹೇಳುತ್ತದೆ. 1830ರ ದಶಕದಲ್ಲಿ ಚಾಕ್ಟಾ ಜನರಲ್ಲಿ ಬಹುಪಾಲನ್ನು ಸರ್ಕಾರ ಮಿಸಿಸಿಪ್ಪಿಯ ಪಶ್ಚಿಮಕ್ಕೆ ಅಟ್ಟಿತು. ತಂಬಾಕಿಗೆ ನಿಂತದ್ದು ಶೆನೆಯ ಅಡ್ಡಹೆಸರಂತೆ!

ಬೀಜ ಹಿಡಿದು ಹೊರಟವರು

ಇನ್ನು ಅಟ್ಲಾಂಟಿಕ್ ದಾಟಿ ಪೂರ್ವಕ್ಕೆ ಬರೋಣ. ಪೈಪಿನವರು ‘ಓರಿಯೆಂಟಲ್’ ಎಂದು ಕರೆಯುವ ಸೊಪ್ಪುಗಳ ತವರು ಹಳೆಯ ಆಟೊಮನ್ ಸಾಮ್ರಾಜ್ಯ. ಏಜಿಯನ್ ತೀರದ ಕವಾಲಾ, ಕ್ಸಾಂತಿ, ಇಜ್ಮೀರ್, ಕಪ್ಪು ಸಮುದ್ರದ ಬದಿಯ ಸಾಮ್ಸುನ್. ಕಲ್ಲುಮಣ್ಣು, ಮಳೆ ಕಡಿಮೆ, ಬಿಸಿಲು ಚುರುಕು. ಗಿಡಗಳನ್ನು ಒತ್ತೊತ್ತಾಗಿ ನೆಡುತ್ತಾರೆ. ಎಲೆ ಅಂಗೈಗಿಂತ ಚಿಕ್ಕದು. ನಸುಕಿನಲ್ಲಿ ಒಂದೊಂದೇ ಕಿತ್ತು, ಸೂಜಿಯಿಂದ ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗುಹಾಕುತ್ತಾರೆ. ವರ್ಜೀನಿಯಾದ್ದು ಹೊಲದ ಬೆಳೆ ಎನ್ನುವುದಾದರೆ ಇದು ಮನೆಮಂದಿಯೆಲ್ಲ ಸೇರಿ ಹೂಮಾಲೆ ಕಟ್ಟಿದಂತೆ. ಕಂಪೂ ಹಾಗೇ, ಹಗುರ, ಒಣ, ತುಸು ಹುಳಿ, ತುಸು ಮಸಾಲೆ. ಕಣಿವೆಯಿಂದ ಕಣಿವೆಗೆ ವ್ಯತ್ಯಾಸವಿದೆ ಎನ್ನುವವರಿದ್ದಾರೆ. ‘ಊರಿನ ರುಚಿ’ ಎಂಬ ಮಾತಿಗೆ ಎಲ್ಲಕ್ಕಿಂತ ಹತ್ತಿರದ್ದು ಇವೇ.

ಆದರೆ ಈ ಊರುಗಳಿಗೆ ಏನಾಯಿತೆಂದು ಕೇಳಿ. 1923ರಲ್ಲಿ ಲೋಸಾನ್ ನಗರದಲ್ಲಿ ಗ್ರೀಸ್ ಮತ್ತು ತುರ್ಕಿ ಸಹಿ ಹಾಕಿದ ಒಪ್ಪಂದದ ಪ್ರಕಾರ ಜನರನ್ನೇ ಅದಲುಬದಲು ಮಾಡಲಾಯಿತು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ತುರ್ಕಿಯ ಕಡೆಯಿಂದ ಗ್ರೀಸಿಗೆ, ಸುಮಾರು ಮೂರೂವರೆಯಿಂದ ನಾಲ್ಕು ಲಕ್ಷ ಮುಸ್ಲಿಮರು ಗ್ರೀಸಿನಿಂದ ತುರ್ಕಿಗೆ. ಆಡುವ ಭಾಷೆಯನ್ನು ಯಾರೂ ಕೇಳಲಿಲ್ಲ, ಧರ್ಮವೊಂದೇ ಅಳತೆಗೋಲು. ಸಾಮ್ಸುನ್ ಕಡೆಯ ಕ್ರೈಸ್ತ ಬೆಳೆಗಾರರು ಮ್ಯಾಸಿಡೋನಿಯಾದ ಬಯಲಿಗೆ ಬಂದರು. ಕವಾಲಾ, ದ್ರಾಮಾ ಸೀಮೆಯ ಮುಸ್ಲಿಂ ಬೆಳೆಗಾರರು ಸಾಮ್ಸುನ್, ಇಜ್ಮೀರ್ ಕಡೆಗೆ ಹೋದರು. ಒಬ್ಬರು ಬಿಟ್ಟುಹೋದ ಹೊಲಕ್ಕೆ ಇನ್ನೊಬ್ಬರು ಇಳಿದರು. ಎರಡು ಕಡೆಯವರಿಗೂ ಗೊತ್ತಿದ್ದದ್ದು ತಂಬಾಕಿನ ಕೆಲಸವೇ. ಆದರೆ ಪಶ್ಚಿಮ ಥ್ರೇಸಿನ ಮುಸ್ಲಿಮರಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಕ್ಸಾಂತಿಯ ಬೆಟ್ಟಗಳಲ್ಲಿ ಹಳೆಯ ಕೈಗಳೇ ಹಳೆಯ ಎಲೆಯನ್ನು ಪೋಣಿಸುತ್ತ ಉಳಿದವು. ಡಬ್ಬಿಯ ಮೇಲೆ ಎಲ್ಲ ಹೆಸರುಗಳೂ ಹಾಗೇ ಮುಂದುವರಿದವು. ಸಾಮ್ಸುನ್ ಸಾಮ್ಸುನ್ನೇ. ಆದರೆ ಯಾರ ಸಾಮ್ಸುನ್? ಸಾಂಬಾರಿನ ಪುಡಿಯ ಡಬ್ಬ, ಕರಿಬೇವಿನ ಗಿಡ ಹೊತ್ತು ದೇಶ ಬಿಟ್ಟ ನಮಗೆ ಈ ಪ್ರಶ್ನೆ ಅಷ್ಟು ಪರಕೀಯವಲ್ಲ. ನಾವು ಇಷ್ಟಪಟ್ಟು ಹೊರಟವರು, ಅವರನ್ನು ಅಟ್ಟಲಾಯಿತು. ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಹೀಗೆ ನಿರಾಶ್ರಿತರಿಂದ ತುಂಬಿದ ಉತ್ತರ ಗ್ರೀಸಿನಲ್ಲಿ ತಂಬಾಕು ವಿಂಗಡಿಸುವ ಕಾರ್ಮಿಕರ ಚಳವಳಿ ಬಲವಾಗಿ ಬೆಳೆಯಿತು. 1936ರ ಮೇ ತಿಂಗಳಲ್ಲಿ ಥೆಸಲೊನೀಕಿಯಲ್ಲಿ ತಂಬಾಕು ಕಾರ್ಮಿಕರು ಆರಂಭಿಸಿದ ಮುಷ್ಕರದ ಮೇಲೆ ಗುಂಡು ಹಾರಿತು. ಸತ್ತ ಮಗನ ಮೇಲೆ ಬಾಗಿ ನಡುಬೀದಿಯಲ್ಲಿ ಅಳುತ್ತಿರುವ ತಾಯಿಯೊಬ್ಬಳ ಚಿತ್ರ ಪತ್ರಿಕೆಯಲ್ಲಿ ಬಂತು. ಅದನ್ನು ನೋಡಿದ ತರುಣ ಕವಿ ಯಾನಿಸ್ ರಿಟ್ಸೋಸ್ ‘ಎಪಿತಾಫಿಯೋಸ್’ ಬರೆದ. ಅದೇ ವರ್ಷ ಅಧಿಕಾರ ಹಿಡಿದ ಸರ್ವಾಧಿಕಾರಿ ಮೆಟಾಕ್ಸಾಸನ ಆಡಳಿತ ಆ ಪುಸ್ತಕದ ಪ್ರತಿಗಳನ್ನು ಅಥೆನ್ಸಿನಲ್ಲಿ ಸುಟ್ಟಿತು. ಎರಡು ದಶಕ ಕಳೆದ ಮೇಲೆ ಮಿಕಿಸ್ ತಿಯೊಡೊರಾಕಿಸ್ ಅದಕ್ಕೆ ಸಂಗೀತ ಕೂಡಿಸಿದಾಗ ಇಡೀ ಗ್ರೀಸ್ ಅದನ್ನು ಹಾಡಿತು. ಆ ‘ಓರಿಯೆಂಟಲ್’ ಕಂಪಿನ ಹಿಂದೆ ಇದೂ ಇದೆ.

ಹೊಗೆಯ ಹೊಗೆ

ಲಟಾಕಿಯಾ ಸಿರಿಯಾದ ಬಂದರು. ಅದರ ಬೆನ್ನಿಗಿರುವ ಬೆಟ್ಟಗಳ ಹಳ್ಳಿಗರು ಬೆಳೆದ ಸೊಪ್ಪು ಆ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಬಂದರಿನ ಹೆಸರೇ ಸೊಪ್ಪಿಗೂ ಬಂತು. ಬಿಸಿಲಲ್ಲಿ ಒಣಗಿದ ಎಲೆಯನ್ನು ಓಕ್, ಪೈನ್ ಮುಂತಾದ ಕಾಡುಮರ, ಪೊದೆಗಳ ಹೊಗೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಡ್ಡುತ್ತಾರೆ. ಎಲೆ ಕಪ್ಪಗಾಗಿ, ಸೌದೆ ಒಲೆಯ ಮೇಲಿನ ಅಟ್ಟದ ವಾಸನೆ ಹಿಡಿಯುತ್ತದೆ. ಮಲೆನಾಡಿನ ಹಳೆಯ ಮನೆಗಳನ್ನು ಬಲ್ಲವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಇದು ಹುಟ್ಟಿದ್ದೂ ಅಟ್ಟದಲ್ಲೇ ಎಂಬ ಹೇಳಿಕೆಯಿದೆ. ಮಾರಾಟವಾಗದೆ ಉಳಿದ ಬೆಳೆಯನ್ನು ಹಳ್ಳಿಗರು ಮನೆಯ ಮಾಡಿಗೆ ಕಟ್ಟಿಟ್ಟರಂತೆ, ಚಳಿಗಾಲದ ಒಲೆಯ ಹೊಗೆ ಉಳಿದದ್ದನ್ನು ಮಾಡಿತಂತೆ. ಅರಬ್ಬಿಯಲ್ಲಿ ಅದಕ್ಕೆ ‘ಅಬು ರಿಹಾ’ ಎಂಬ ಹೆಸರು, ಸುವಾಸನೆಯ ಅಪ್ಪ!

ಇದೇ ವಿಧಾನ ಸೈಪ್ರಸ್ ದ್ವೀಪಕ್ಕೂ ಹೋಯಿತು. ಅಲ್ಲಿ ಬೀಜ ಇಜ್ಮೀರಿನದು, ಸೌದೆ ಆ ದ್ವೀಪದ ಪೊದೆಗಳದು. ರುಚಿ ಬದಲಾಯಿತು. ಸಿರಿಯಾದ್ದು ತೀಕ್ಷ್ಣ, ದ್ರಾಕ್ಷಾರಸದ ಹುಳಿ. ಸೈಪ್ರಸ್ಸಿನದು ತೊಗಲಿನ ವಾಸನೆಯ ದಪ್ಪ, ಹಿತವಾದ ಸಿಹಿ. ಎರಡರ ಹೆಸರೂ ಲಟಾಕಿಯಾವೇ! 20ನೇ ಶತಮಾನದ ಉತ್ತರಾರ್ಧದಲ್ಲಿ ಡಬ್ಬಿಗಳಲ್ಲಿ ಸೈಪ್ರಸ್ಸಿನದೇ ಮೇಲುಗೈಯಾಯಿತು. ಸಿರಿಯಾದಲ್ಲಿ ಕಾಡು ಕರಗಿತ್ತು. ಒಂದು ಎಲೆಯನ್ನು ಕಪ್ಪು ಮಾಡಲು ಎಷ್ಟು ಮರ ಸುಡಬೇಕೆಂದು ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಕಾಡು ಉಳಿಸಲು ಬಂದ ನಿರ್ಬಂಧಗಳಿಂದ 2000ರ ದಶಕದಲ್ಲಿ ಅಲ್ಲಿನ ಸೊಪ್ಪು ಪೇಟೆಯಿಂದ ಬಹುಮಟ್ಟಿಗೆ ಮರೆಯಾಯಿತು. 2011ರಿಂದ ಯುದ್ಧ. ಲಟಾಕಿಯಾ ನಗರದ ಹೆಸರು ಡಬ್ಬಿಗಳ ಮೇಲೆ ಉಳಿಯಿತು, ಒಳಗೆ ಆ ನಗರದ ಬೆಟ್ಟಗಳ ಹೊಗೆ ಇಲ್ಲವಾಯಿತು.

ಬೆಳೆಯದ ದೇಶದ ರುಚಿ

ವಿಚಿತ್ರವೆಂದರೆ ಲಟಾಕಿಯಾ ಇರುವ ಮಿಶ್ರಣಗಳಿಗೆ ಲೋಕವೆಲ್ಲ ಕೊಟ್ಟ ಹೆಸರು ‘ಇಂಗ್ಲಿಷ್ ಮಿಶ್ರಣ’. ಇಂಗ್ಲೆಂಡಿನಲ್ಲಿ ತಂಬಾಕು ಬೆಳೆಯುವುದೇ ಇಲ್ಲವಲ್ಲ! ಬೆಳೆಯುತ್ತಿತ್ತು. ಗ್ಲಾಸ್ಟರ್‌ಷೈರಿನ ವಿಂಚ್‌ಕೂಂಬ್ ಸುತ್ತ 1619ರಿಂದಲೇ ರೈತರು ಚೆನ್ನಾಗಿ ಬೆಳೆದಿದ್ದರು. ವಸಾಹತಿನ ತೋಟಗಳನ್ನೂ ಸುಂಕದ ಆದಾಯವನ್ನೂ ಉಳಿಸಿಕೊಳ್ಳಲು ಅದೇ ವರ್ಷ ದೊರೆ ನಿಷೇಧಿಸಿದ, 1652ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. ರೈತರು ಬಗ್ಗಲಿಲ್ಲ. 1667ರ ಸೆಪ್ಟೆಂಬರಿನಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ, ದೊರೆಯ ಅಂಗರಕ್ಷಕ ಪಡೆ ಹೋಗಿದ್ದು ದಂಗೆ ಅಡಗಿಸಲು ಎಂದುಕೊಂಡಿದ್ದರೆ, ವಿಂಚ್‌ಕೂಂಬಿನ ತಂಬಾಕು ಹಾಳುಗೆಡವಲಂತೆ ಎಂದು ಬರೆದಿಟ್ಟಿದ್ದಾನೆ. ಕೊನೆಗೆ ಬೆಳೆ ಸತ್ತಿತು.

ಹೀಗೆ ಎಲೆಯಿಲ್ಲದ ದೇಶ ಬೆರೆಸುವ ಕಲೆಯಲ್ಲಿ ಪಳಗಿತು. ಅದಕ್ಕೂ ಸುಂಕವೇ ಕಾರಣ. ತೆರಿಗೆ ತೂಕದ ಮೇಲಿದ್ದುದರಿಂದ ಸಕ್ಕರೆಪಾಕ, ನೀರು ಬೆರೆಸಿ ತೂಕ ಹೆಚ್ಚಿಸುವುದು ಸರ್ಕಾರಕ್ಕೆ ಮೋಸ ಮಾಡಿದಂತೆ. ಹೊರಗಿನ ವಸ್ತು ಸೇರಿಸುವುದನ್ನು ಕಾಯ್ದೆಗಳು ಬಹುಕಾಲ ಬಿಗಿಯಾಗಿ ತಡೆದವು. ಅಮೆರಿಕದವರು ಬಾಟಲಿಯಿಂದ ಸುರಿದ ಘಮವನ್ನು ಇಂಗ್ಲಿಷರು ಎಲೆಯಿಂದಲೇ ಹೊರಡಿಸಬೇಕಾಯಿತು. ಸಿಹಿಗೆ ವರ್ಜೀನಿಯಾ, ಮಸಾಲೆಗೆ ಓರಿಯೆಂಟಲ್, ಹೊಗೆಗೆ ಲಟಾಕಿಯಾ. 1907ರಲ್ಲಿ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್ ಗಿರಾಕಿ ಕೇಳಿದಂತೆ ಬೆರೆಸಿಕೊಟ್ಟು, ಆ ಪಾಕವನ್ನು ಪುಸ್ತಕದಲ್ಲಿ ಅಂಕಿ ಹಾಕಿ ಬರೆದಿಡುತ್ತಿದ್ದ. ಮುಂದೆ ಪ್ರಸಿದ್ಧವಾದ ‘ಮೈ ಮಿಕ್ಸ್ಚರ್ 965’ರ ಅಂಕಿ ಆ ಪುಸ್ತಕದ್ದು. ಪೈಪಿನ ತಂಬಾಕಿಗೆ ಡನ್‌ಹಿಲ್ ಹೆಸರು 2018ರಲ್ಲಿ ನಿಂತಿತು; ಪಾಕಗಳು ಈಗ ಪೀಟರ್ಸನ್ ಹೆಸರಿನಲ್ಲಿ ಬರುತ್ತಿವೆ. ಉತ್ತರದ ಕೆಂಡಾಲಿನ ಪಾಕ ಮಾತ್ರ ಬೇರೆ. 1792ರಿಂದ ನಶ್ಯ ಅರೆಯುತ್ತ ಬಂದ ಆ ಊರು ಸೇದುವ ಸೊಪ್ಪಿಗೂ ಹೂವಿನ ಕಂಪು ಕೊಟ್ಟಿತು. ಕೆಲವರಿಗೆ ಅದು ಸ್ವರ್ಗ, ಕೆಲವರಿಗೆ ಅಜ್ಜಿಯ ಸಾಬೂನು!

ಹೆಸರಿಲ್ಲದ ಊರುಗಳು

ಇಷ್ಟೆಲ್ಲ ಊರು ಸುತ್ತಿದ ಮೇಲೆ ನಮ್ಮ ಕಡೆ ನೋಡದಿರಲು ಹೇಗಾದೀತು? ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ಮರಳುಮಣ್ಣಿನಲ್ಲಿ ಮಳೆಯಾಶ್ರಯದ ವರ್ಜೀನಿಯಾ ತಂಬಾಕು ಬೆಳೆಯುತ್ತದೆ. ಹೊಲದ ಬದಿಯ ಬ್ಯಾರನ್ನುಗಳಲ್ಲಿ ಸೌದೆ ಉರಿಸಿ, ನಿದ್ದೆಗೆಟ್ಟು, ಸ್ಟೀಫನ್ ಕಾಯುತ್ತಿದ್ದ ಅದೇ ಹಳದಿಗಾಗಿ ರೈತರು ಬೆಂಕಿ ಕಾಯುತ್ತಾರೆ. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಿಂದ ಕರ್ನಾಟಕದಲ್ಲಿ ಹರಾಜು ಕಟ್ಟೆಗಳು. ಬಹುಪಾಲು ಸೊಪ್ಪು ಹಡಗು ಹತ್ತಿ ಎಲ್ಲೆಲ್ಲಿಯದೋ ಸಿಗರೇಟಿನಲ್ಲಿ ಬೆರೆಯುತ್ತದೆ. ನಾವು ನೋಡಿದ ಯಾವ ಪೈಪಿನ ಡಬ್ಬಿಯ ಮೇಲೂ ಹುಣಸೂರಿನ ಹೆಸರಿಲ್ಲ. ವ್ಯಾಪಾರದ ಭಾಷೆಯಲ್ಲಿ ಅದು ‘ಹೊಂದಿಕೊಳ್ಳುವ’ ಎಲೆ. ಇನ್ನೊಂದರ ರುಚಿಗೆ ಅಡ್ಡ ಬರದೆ ಜಾಗ ತುಂಬುವಂಥದ್ದು. ಮಿಶ್ರಣದಲ್ಲಿ ಹೊಂದಿಕೊಳ್ಳುವವರ ಹೆಸರು ಹೊರಗೆ ಬರುವುದಿಲ್ಲ!

ನಿಪ್ಪಾಣಿಯದು ಪೈಪಿನ ಸೊಪ್ಪಲ್ಲ, ಬೀಡಿಯದು. ಆದರೆ ಕೆಂಟಕಿ, ಥೆಸಲೊನೀಕಿಗಳ ಸಾಲಿನಲ್ಲಿ ಅದನ್ನು ಇಡದೆ ಈ ಚರಿತ್ರೆ ಮುಗಿಯದು. 1981ರಲ್ಲಿ ಸಾಮಾನ್ಯ ಬೆಳೆಗಾರನಿಗೆ ಬೆಲೆ ಸಿಗಬೇಕೆಂದು ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಮೂರು ವಾರ ಕುಳಿತರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ರೈತರು ಪ್ರಾಣ ಕೊಟ್ಟರು. ಅದೇ ಊರಿನ ಕಾರ್ಖಾನೆಗಳಲ್ಲಿ ತಂಬಾಕಿನ ಧೂಳು ಕುಡಿಯುತ್ತ ದುಡಿದ ಹೆಂಗಸರು ಸಂಘ ಕಟ್ಟಿದ್ದನ್ನು ‘ಯುಗಾಂತರ್’ ಬಳಗ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ನಮಗೂ ಒಬ್ಬ ವಾರನ್, ಒಬ್ಬ ರಿಟ್ಸೋಸ್ ಬೇಕಿತ್ತೇನೋ ಎನಿಸುತ್ತದೆ.

1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲಂಡನ್ನಿನ ಆಸ್ಪತ್ರೆಗಳ ರೋಗಿಗಳಿಂದ ತೋರಿಸಿದ ಮೇಲೆ ಈ ಎಲೆಯ ದಿನ ಎಣಿಸುವ ಕಾಲ ಬಂತು. ಅದು ಕಡಿಮೆಯಾಗುವುದೇ ಒಳ್ಳೆಯದು. ಆದರೆ ಬೆಳೆಯೊಂದು ಹೋಗುವಾಗ ಅದನ್ನು ನಂಬಿದವರ ಹೊಟ್ಟೆಪಾಡಿನ ಮಾತೂ, ಅವರ ಕೈಯಲ್ಲಿದ್ದ ಜ್ಞಾನದ ಮಾತೂ ಉಳಿಯುತ್ತದೆ. ಹುಣಸೂರಿನಲ್ಲಿ ಬದಲಿ ಬೆಳೆಯ ಚರ್ಚೆ ವರ್ಷಗಳಿಂದ ನಡೆದೇ ಇದೆ.

ಹೋಮ್ಸ್ ಬೂದಿ ನೋಡಿ ಊರು ಹೇಳಿದ. ಊರಿನ ಮಣ್ಣು, ಬಿಸಿಲು ಸುಳ್ಳಲ್ಲ. ಮರಳುಮಣ್ಣಿಲ್ಲದೆ ಹಳದಿ ಎಲೆಯಿಲ್ಲ, ಕಲ್ಲುಬೆಟ್ಟವಿಲ್ಲದೆ ಕ್ಸಾಂತಿಯಿಲ್ಲ. ಆದರೆ ಆ ಮಣ್ಣಿನಿಂದ ರುಚಿಯನ್ನು ತೆಗೆದವರು ಬೆಂಕಿ ಕಾದವರು, ದಾರಕ್ಕೆ ಪೋಣಿಸಿದವರು, ಪೀಪಾಯಿ ಒತ್ತಿದವರು. ಪುಸ್ತಕ ಪ್ರೇಮಿಗಳಾದ ನಾವು ಮುಖಪುಟದಲ್ಲಿ ಲೇಖಕರ ಹೆಸರಿಲ್ಲದಿದ್ದರೆ ಒಪ್ಪುವವರಲ್ಲ. ತಂಬಾಕಿನ ಡಬ್ಬಿಯ ಮೇಲೆ ಇರುವುದು ಪ್ರಕಾಶಕರ ಹೆಸರು, ಹೆಚ್ಚೆಂದರೆ ಅಚ್ಚಾದ ಊರಿನ ಹೆಸರು. ಬರೆದವರು ಯಾರೆಂದು ಇನ್ನು ಮುಂದಾದರೂ ಕೇಳೋಣ. ತಂಬಾಕಿನದಷ್ಟೇ ಅಲ್ಲ, ನಮ್ಮ ಅಡುಗೆಮನೆಯ ಕಾಫಿ, ಮೆಣಸು, ಏಲಕ್ಕಿ ಡಬ್ಬಿಗಳನ್ನೂ.